ಕಬ್ಬಿಣ ಮಾಡದ ಕೆಲಸ

ಜೆ.ಪಿ. ನಗರ ಏಳನೇ ಹಂತ
14 ಜೂನ್ 2024

ಲಿಖಿತಾ,

ಕವರಿನ ಮೇಲಿನ ಕೈಬರಹ ಗುರುತಿಸಿ ನೀನು ಇದನ್ನು ಓದದೆಯೇ ಹರಿದು ಹಾಕಬಹುದು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಹಳೆಯ ನಂಬರಿಗೆ ಮಾಡಿದರೆ ಯಾವುದೋ ಟೈಲ್ಸ್ ಅಂಗಡಿಯವರು ಎತ್ತುತ್ತಾರೆ. ನೀನು ಬನಶಂಕರಿಯ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೀಯ ಎಂದು ತಿಳಿದದ್ದು ನನ್ನ ಬಿಎಸ್ಸಿ ಕ್ಲಾಸಿನ ಒಬ್ಬಳು ಹುಡುಗಿಯಿಂದ. ಟೆಸ್ಟ್ ಟ್ಯೂಬನ್ನು ಮೂರು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿ, ನಾಲ್ಕನೇ ಸಲ ತೊಳೆಯುತ್ತಿದ್ದಳು. ಯಾರು ಕಲಿಸಿದರು ಎಂದು ಕೇಳಿದೆ. ನಿನ್ನ ಹೆಸರು ಹೇಳಿದಳು.

ನಾನು ಹೋದ ವರ್ಷ ಊರಿಗೆ ವಾಪಸು ಬಂದೆ. ಬನ್ನೇರುಘಟ್ಟ ರಸ್ತೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ನನ್ನದೇ ಆದ ಒಂದು ಸಣ್ಣ ಲ್ಯಾಬ್ ಕೊಟ್ಟಿದ್ದಾರೆ. ಎಲ್ಲ ಹೊಸದು. ಹೊಸ ಲ್ಯಾಬಿನಲ್ಲಿ ಮೊದಲು ಮಾಡುವ ಕೆಲಸ ನನಗೆ ಕಣ್ಣುಮುಚ್ಚಿ ಬರುವಂಥದ್ದಾಗಿರಲಿ ಎಂದು ನಮ್ಮ ಹಳೆಯ ರಿಯಾಕ್ಷನ್ನನ್ನೇ ಆರಿಸಿಕೊಂಡೆ. ಎರಡು ಬೆಂಜೀನ್ ಉಂಗುರಗಳನ್ನು ಒಂದಕ್ಕೊಂದು ಜೋಡಿಸುವುದು. ಜಗತ್ತೆಲ್ಲ ಅದಕ್ಕೆ ಪಲ್ಲಾಡಿಯಂ ಬಳಸುತ್ತದೆ. ಬೆಟ್ಟ ಅಗೆದು, ಹೊಳೆ ಕೆಡಿಸಿ ತೆಗೆಯುವ ಲೋಹ ಅದು. ಸೇತುರಾಮ್ ಸಾರ್ ಲ್ಯಾಬಿನಲ್ಲಿ ನಾವು ಬಳಸಿದ್ದು ಬರೀ ಕಬ್ಬಿಣ, ಬರೀ ನೀರು. ಅದರ ಮೇಲೆಯೇ ನನ್ನ ಪಿಎಚ್‌ಡಿ, ಸಾರ್‌ಗೆ ಬಂದ ಪ್ರಶಸ್ತಿಗಳು, ಎಲ್ಲ.

ಹೊಸ ಲ್ಯಾಬಿನಲ್ಲಿ ಅದು ಆಗಲಿಲ್ಲ. ಒಂದಿಷ್ಟೂ ಆಗಲಿಲ್ಲ. ನೀರು ಬದಲಿಸಿದೆ, ಬಾಟಲಿ ಬದಲಿಸಿದೆ, ಬಿಸಿ ಏರಿಸಿದೆ. ತಿಂಗಳುಗಟ್ಟಲೆ ಸೊನ್ನೆ. ಕೊನೆಗೆ ಸಾರ್ ಲ್ಯಾಬಿಗೆ ಹೋಗಿದ್ದಾಗ ಅಲ್ಲಿನ ಹಳೆಯ ಮ್ಯಾಗ್ನೆಟ್ ಬೀಡ್‌ಗಳನ್ನು ಕೇಳಿ ತಂದೆ. ಫ್ಲಾಸ್ಕಿನೊಳಗೆ ಗಿರಗಿರ ತಿರುಗಿ ಕಲಕುವ, ಮಾತ್ರೆಯಷ್ಟು ದಪ್ಪದ, ಬಿಳಿ ಹೊದಿಕೆಯ ಆ ಮ್ಯಾಗ್ನೆಟ್‌ಗಳು ನಿನಗೆ ನೆನಪಿರಬೇಕು. ಅದರಲ್ಲೊಂದನ್ನು ಹಾಕಿ ಕಲಕಿದೆ. ಮಧ್ಯಾಹ್ನದೊಳಗೆ ರಿಯಾಕ್ಷನ್ ಮುಗಿದಿತ್ತು. ಕಬ್ಬಿಣವನ್ನು ಹಾಕದೆಯೇ ಇನ್ನೊಮ್ಮೆ ಮಾಡಿದೆ. ಆಗಲೂ ಆಯಿತು.

ಆ ಬೀಡ್‌ಗಳನ್ನು ಆಮ್ಲದಲ್ಲಿ ಕುದಿಸಿ, ಆಮ್ಲವನ್ನು ಪರೀಕ್ಷೆಗೆ ಕಳಿಸಿದೆ. ಪಲ್ಲಾಡಿಯಂ ಇದೆ. ನಾವು ಸೇರುವ ಮೊದಲು ಆ ಲ್ಯಾಬಿನಲ್ಲಿ ವರ್ಷಗಟ್ಟಲೆ ಪಲ್ಲಾಡಿಯಂ ಕೆಲಸ ನಡೆದಿತ್ತಲ್ಲ, ಅದು ಬೀಡ್‌ಗಳ ಗೀರುಗಳಲ್ಲಿ ಕೂತುಬಿಟ್ಟಿದೆ. ಕಬ್ಬಿಣ ಯಾವತ್ತೂ ಏನನ್ನೂ ಮಾಡಲಿಲ್ಲ, ಲಿಖಿತಾ.

ನಮ್ಮಲ್ಲಿ ಹೊಸ ಬೀಡ್ ಕೊಂಡು ತಂದು ಕೆಲಸ ಮಾಡಿದವಳು ನೀನೊಬ್ಬಳೇ. ಪ್ರತಿ ಸಲ ಸೊನ್ನೆ ಬಂದದ್ದೂ ನಿನಗೊಬ್ಬಳಿಗೇ. ನಿನ್ನ ಸೊನ್ನೆಯೇ ಸರಿಯಾದ ಉತ್ತರವಾಗಿತ್ತು. ಇದನ್ನು ನಿನಗೆ ಮೊದಲು ಹೇಳಬೇಕೆನಿಸಿತು. ಒಮ್ಮೆ ಬಂದು ನೋಡಲೇ?

ಸಂಹಿತಾ


ಹುಳಿಮಾವು
2 ಜುಲೈ 2024

ಸಂಹಿತಾ,

ಬರಬೇಡ. ಫೋನ್ ನಂಬರನ್ನೂ ಹುಡುಕಬೇಡ. ಫೋನಿನಲ್ಲಾದರೆ ನಾನು ಕಿರುಚುತ್ತೇನೆ, ಪಕ್ಕದ ರೂಮಿನಲ್ಲಿ ಅತ್ತೆ ಇರುತ್ತಾರೆ. ಹೇಳಲೇಬೇಕಾದ್ದಿದ್ದರೆ ಬರಿ.

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದು ಓದಿದೆ. ಖುಷಿಯಾಗುತ್ತದೆ ಎಂದು ನೀನು ಅಂದುಕೊಂಡಿರಬಹುದು. ಆಗಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಸೆಕೆಂಡ್ ಪಿಯು ಕ್ಲಾಸ್ ತೆಗೆದುಕೊಂಡೆ. ಪಾಠ ಯಾವುದು ಗೊತ್ತೇ, ವೇಗವರ್ಧಕಗಳು. ತಾನು ಬದಲಾಗದೆ ಬೇರೆಯದನ್ನು ಬದಲಾಯಿಸುವ ವಸ್ತು ಎಂದು ಬೋರ್ಡಿನ ಮೇಲೆ ಬರೆದೆ. ಬರೆದದ್ದನ್ನು ನೋಡಿ, ಡಸ್ಟರ್ ತೆಗೆದುಕೊಂಡು ಅಳಿಸಿಬಿಟ್ಟೆ.

ನಾನು ಹೊಸ ಬೀಡ್ ತಂದದ್ದು ಜಾಣತನದಿಂದಲ್ಲ. ಹಳೆಯವನ್ನು ಕಂಡರೆ ಅಸಹ್ಯವಾಗುತ್ತಿತ್ತು, ಅಷ್ಟೇ. ಉಜ್ಜದ ಹಲ್ಲಿನ ಹಾಗೆ ಬೂದು ಬಣ್ಣಕ್ಕೆ ತಿರುಗಿದ್ದವು. ಒಂದೇ ಬೀಕರಿನಲ್ಲಿ ಎಲ್ಲರವೂ ರಾಶಿ ಬಿದ್ದು, ಮೇಲೆ ಜಿಡ್ಡು ತೇಲುತ್ತಿತ್ತು. ಅದರಲ್ಲಿ ಕೈಹಾಕಿ ಎತ್ತಿಕೊಂಡು ನೀವೆಲ್ಲ ಟಿಶ್ಯೂನಲ್ಲಿ ಒರೆಸಿ ಫ್ಲಾಸ್ಕಿಗೆ ಹಾಕುತ್ತಿದ್ದಿರಿ. ನನ್ನಿಂದ ಆಗಲಿಲ್ಲ. ನೀವು ನಕ್ಕಿರಿ. 'ಲಿಖಿತಾ ಲ್ಯಾಬಲ್ಲೂ ಮಡಿ ಮಾಡ್ತಾಳೆ' ಎಂದವಳು ನೀನೇ. ಮಡಿ ಇದ್ದದ್ದು ನಿಮ್ಮ ಜಯನಗರದ ಮನೆಯಲ್ಲಿ. ನಮ್ಮದು ಪಾತ್ರೆ ಅಂಗಡಿ. ಪಾತ್ರೆ ತೊಳೆದಿದೆಯೋ ಇಲ್ಲವೋ ಎಂಬುದು ನಮಗೆ ಕಣ್ಣಿನಲ್ಲೇ ಗೊತ್ತಾಗುತ್ತದೆ.

ಆವತ್ತಿನ ಗ್ರೂಪ್ ಮೀಟಿಂಗ್ ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ. ನಾನು ಎದ್ದು ನಿಂತು, ಸಾರ್, ಎಷ್ಟು ಸಲ ಮಾಡಿದರೂ ಬರುತ್ತಿಲ್ಲ, ರಿಯಾಕ್ಷನ್ನಿನಲ್ಲೇ ಏನೋ ತಪ್ಪಿರಬಹುದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ರಿಯಾಕ್ಷನ್ ಸರಿಯಾಗಿದೆ. ಸಂಹಿತಾಗೆ ಬರುತ್ತೆ, ನಿನಗೆ ಬರಲ್ಲ ಅಂದ್ರೆ ತಪ್ಪು ಎಲ್ಲಿದೆ ಅಂತ ನೀನೇ ಯೋಚನೆ ಮಾಡು. ಕೆಲವರ ಕೈಗೆ ಇದು ಹತ್ತಲ್ಲಮ್ಮ. ನಿಮ್ಮಪ್ಪನ ಅಂಗಡಿ ಇದೆಯಲ್ಲ, ಅಲ್ಲಿ ಕೂತ್ಕೋ, ತಪ್ಪೇನಿಲ್ಲ' ಎಂದರು. ಎಲ್ಲರೂ ನಕ್ಕರು. ನೀನು ನಗಲಿಲ್ಲ, ಒಪ್ಪುತ್ತೇನೆ. ನೀನು ನಿನ್ನ ಪೆನ್ನಿನ ಮುಚ್ಚಳ ನೋಡುತ್ತಾ ಕೂತಿದ್ದೆ.

ಆಮೇಲೆ ಅಪ್ಪನ ಅಂಗಡಿಯಲ್ಲಿ ಒಂದು ವರ್ಷ ಕೂತೆ. ಗಿರಾಕಿಗಳಿಗೆ ಲೋಟ ಎತ್ತಿಕೊಡದೆ, ನೀವೇ ತೆಗೆದುಕೊಳ್ಳಿ ಎನ್ನುತ್ತಿದ್ದೆ. ನನ್ನ ಕೈಯಲ್ಲೇ ದೋಷವಿದೆ ಎಂದು ನಂಬಿದ್ದೆ. ಶಶಿಕಾಂತ್ ಜೊತೆ ಮದುವೆಯಾಗಿ ಹುಳಿಮಾವಿಗೆ ಬಂದ ಮೇಲೆ ಬಿಎಡ್ ಮಾಡಿದೆ.

ನಾನು ಸರಿ ಎಂದು ನನಗೆ ಮುಚ್ಚಿದ ಕವರಿನಲ್ಲಿ ಬರೆದು ಕಳಿಸಿದ್ದೀಯ. ಬೇರೆ ಯಾರಿಗೆ ಹೇಳಿದ್ದೀಯ? ಅದನ್ನು ಬರಿ.

ಲಿಖಿತಾ


ಜೆ.ಪಿ. ನಗರ
11 ಆಗಸ್ಟ್ 2024

ಲಿಖಿತಾ,

ಸಾರ್‌ಗೆ ಹೇಳಿದೆ. ಅದಕ್ಕೇ ಉತ್ತರ ತಡವಾಯಿತು.

ಫಲಿತಾಂಶಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅವರು ಕುಸಿದುಹೋಗುತ್ತಾರೆ, ಹೇಗೆ ಸಮಾಧಾನ ಮಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕಾಫಿ ತರಿಸಿದರು. ಎಷ್ಟು ಪಲ್ಲಾಡಿಯಂ ಸಿಕ್ಕಿತು ಎಂದು ಕೇಳಿದರು. ಹೇಳಿದೆ. ಅಷ್ಟು ಕಡಿಮೆಯೇ ಎಂದು ಇನ್ನೊಮ್ಮೆ ಕೇಳಿದರು. ಹೌದೆಂದೆ. ಆಗ ಅವರ ಮುಖದಲ್ಲಿ ಬಂದ ಕಳೆ ನಾನು ನಿರೀಕ್ಷಿಸಿದ್ದಲ್ಲ. ನಮ್ಮ ಕಬ್ಬಿಣದ ಪೇಪರ್ ಜರ್ನಲ್ಲಿನಲ್ಲಿ ಒಪ್ಪಿಗೆಯಾದ ದಿನ ಬಂದಿತ್ತಲ್ಲ, ಅದೇ ಕಳೆ.

'ಸಂಹಿತಾ, ಇದು ತಪ್ಪಲ್ಲ, ಅವಕಾಶ' ಎಂದರು. 'ಇಷ್ಟು ಕಡಿಮೆ ಪಲ್ಲಾಡಿಯಂನಲ್ಲಿ ಕೆಲಸ ಆಗುತ್ತೆ ಅಂದ್ರೆ ಇದಕ್ಕಿಂತ ಗ್ರೀನ್ ಏನಿದೆ? ಹಳೇ ಪೇಪರ್ ಸುಮ್ನೆ ಇರಲಿ. ಹೊಸದು ಬರೆಯೋಣ.'

ಹಳೆಯದು ಸುಳ್ಳು ಎಂದೆ. ಸುಳ್ಳಲ್ಲ, ಅಪೂರ್ಣ ಎಂದರು. ಚೀನಾದಿಂದ ಒಬ್ಬರು, ಪೋಲೆಂಡಿನಿಂದ ಒಬ್ಬರು ನಮಗೆ ಬರುತ್ತಿಲ್ಲ ಎಂದು ಬರೆದಿದ್ದಾಗ ನಿಮ್ಮ ನೀರು ಸರಿಯಿಲ್ಲ ಎಂದು ಉತ್ತರಿಸಿದ್ದಿರಲ್ಲ ಎಂದು ಕೇಳಿದೆ. ಆವತ್ತಿಗೆ ಗೊತ್ತಿದ್ದದ್ದು ಅಷ್ಟೇ ಎಂದರು. ಅವರು ಹೇಳಿದ ಯಾವ ವಾಕ್ಯವನ್ನೂ ಹಿಡಿದು ಇದು ಸುಳ್ಳು ಎನ್ನಲು ಬರುವುದಿಲ್ಲ. ಅಸಹ್ಯವಾದದ್ದು ಅದೇ. ಎಲ್ಲ ಮಾತೂ ತೊಳೆದಿಟ್ಟ ಹಾಗೆ ನುಣ್ಣಗಿತ್ತು, ಕೈಗೆ ಮಾತ್ರ ಏನೋ ಅಂಟಿದ ಹಾಗೆ. ಹೊರಗೆ ಬಂದು ಸಂಸ್ಥೆಯ ಗೇಟಿನ ಹತ್ತಿರ ನಲ್ಲಿಯಲ್ಲಿ ಕೈತೊಳೆದುಕೊಂಡೆ.

ನಿನ್ನ ಹೆಸರನ್ನೂ ಎತ್ತಿದೆ. ಲಿಖಿತಾಗೆ ಇದೇ ಬಂದಿತ್ತು ಸಾರ್ ಎಂದೆ. ಅವರು 'ಹ್ಞೂಂ' ಎಂದು ಫೋನ್ ಎತ್ತಿಕೊಂಡರು.

ನನ್ನ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಮಾರ್ಚಿನಲ್ಲಿ ಕಮಿಟಿ ಕೂರುತ್ತದೆ, ಹೊರಗಿನ ಸದಸ್ಯರು ಸೇತುರಾಮ್ ಸಾರ್. ಪೇಪರ್ ವಾಪಸ್ ಪಡೆದರೆ ನನ್ನ ಹೆಸರಿನಲ್ಲಿ ಉಳಿಯುವುದು ಏನೂ ಇಲ್ಲ. ಇನ್ನೊಬ್ಬನಿದ್ದಾನೆ, ಪ್ರಸನ್ನ ಅಂತ, ಸಾರ್ ಬಳಿ ಈಗ ಪಿಎಚ್‌ಡಿ ಮಾಡುತ್ತಿರುವವನು. ಅವನ ಥೀಸಿಸ್ ಪೂರ್ತಿ ಈ ಕಬ್ಬಿಣದ ಮೇಲೆಯೇ ನಿಂತಿದೆ.

ಪೆನ್ನಿನ ಮುಚ್ಚಳದ ಬಗ್ಗೆ: ನೀನು ಹೇಳಿದ್ದು ನಿಜ. ಆದರೆ ನನಗೆ ಪ್ರತಿ ಸಲ ಬರುತ್ತಿತ್ತಲ್ಲ, ಲಿಖಿತಾ. ಕಣ್ಣೆದುರಿಗೆ ಬರುತ್ತಿದ್ದದ್ದನ್ನು ನಾನು ಹೇಗೆ ಅನುಮಾನಿಸಲಿ? ಈ ಮಾತಿಗೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು.

ಸಂಹಿತಾ


ಹುಳಿಮಾವು
25 ಆಗಸ್ಟ್ 2024

ಸಂಹಿತಾ,

ಸಿಟ್ಟು ಬರಲಿಲ್ಲ. ಸಿಟ್ಟಿಗೆ ಬಿಸಿಯಿರುತ್ತದೆ. ಇದು ತಣ್ಣಗಿದೆ. ಊಟದಲ್ಲಿ ಕೂದಲು ಸಿಕ್ಕಿದರೆ ಆಗುವಂಥದ್ದು.

ಅವಕಾಶವಂತೆ. ಈ ವಾರ ಕೆರೆಯಲ್ಲಿ ನೊರೆ ಬಂದಿದೆ, ಮನೆಯ ಕಿಟಕಿ ತೆಗೆಯುವ ಹಾಗಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೊರೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ನಿನ್ನ ಕಾಗದ ಓದಿದಾಗ ಅವರೇ ಕಣ್ಣಿಗೆ ಬಂದರು.

ನಿನಗೆ ಬರುತ್ತಿತ್ತು, ಆದ್ದರಿಂದ ಅನುಮಾನಿಸಲಿಲ್ಲ. ಸರಿ. ನನಗೆ ಬರುತ್ತಿರಲಿಲ್ಲ, ನನ್ನನ್ನೇ ಅನುಮಾನಿಸಿದೆ. ಇಬ್ಬರದೂ ಒಂದೇ ಲ್ಯಾಬು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಒಂದು ದಿನ ಕೂತು ಯೋಚನೆ ಮಾಡು.

ಒಂದೇ ಪ್ರಶ್ನೆ. ಆ ಪ್ರಸನ್ನನಿಗೆ ಯಾರಾದರೂ ಹೇಳಿದಿರಾ? ಇಲ್ಲವಾದರೆ ಅವನೂ ಯಾವತ್ತೋ ಒಂದು ಹೊಸ ಬೀಡ್ ಹಾಕುತ್ತಾನೆ. ಅವನಿಗೂ ಸೊನ್ನೆ ಬರುತ್ತದೆ. ಅವನ ಅಪ್ಪನಿಗೆ ಯಾವ ಅಂಗಡಿಯಿದೆ ಎಂದು ವಿಚಾರಿಸಿಡಿ.

ಲಿಖಿತಾ


ಜೆ.ಪಿ. ನಗರ
17 ನವೆಂಬರ್ 2024

ಲಿಖಿತಾ,

ಮೂರು ಸಲ ಬರೆಯಲು ಕೂತು ಎದ್ದೆ. ನೀನು ಹೇಳಿದ ಹಾಗೆಯೇ ಆಯಿತು.

ನಾನು ಪ್ರಸನ್ನನಿಗೆ ನೇರವಾಗಿ ಹೇಳಲಿಲ್ಲ. ಒಂದು ಕಾನ್ಫರೆನ್ಸಿನಲ್ಲಿ ಸಿಕ್ಕಿದಾಗ, ಹೊಸ ಬೀಡ್ ಹಾಕಿ ಒಮ್ಮೆ ಮಾಡಿ ನೋಡು ಎಂದು ಮಾತ್ರ ಅಂದೆ. ಅವನು ಮಾಡಿದ. ಬರಲಿಲ್ಲ. ಸಾರ್ ಹತ್ತಿರ ಹೋದ. ಎರಡು ವಾರದ ಮೇಲೆ ನನ್ನ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತ. ಹಾವೇರಿ ಕಡೆಯ ಹುಡುಗ, ಮಾತು ಕಡಿಮೆ. ಸಾರ್ ಏನಂದರು ಎಂದು ಕೇಳಿದೆ. 'ನನ್ನ ಟೆಕ್ನಿಕ್ ವೀಕ್ ಅಂತ ಹೇಳಿದ್ರು ಮೇಡಂ. ಹಳೇ ಬೀಡಲ್ಲೇ ಮಾಡು ಅಂದ್ರು' ಎಂದ.

ಸಾರ್‌ಗೆ ಆಗಲೇ ಎಲ್ಲ ಗೊತ್ತಿತ್ತು, ಲಿಖಿತಾ. ಆಗಸ್ಟಿನಲ್ಲೇ ನಾನು ಹೇಳಿದ್ದೆ. ಗೊತ್ತಿದ್ದೇ ಹಾಗೆಂದಿದ್ದಾರೆ. ಹೊಸ ಪೇಪರ್ ಹೊರಬರುವ ತನಕ ವಿಷಯ ಲ್ಯಾಬಿನಲ್ಲಿ ಹರಡಬಾರದು, ಅದಕ್ಕೆ.

ಅವನಿಗೆ ಎಲ್ಲವನ್ನೂ ಹೇಳಿದೆ. ನಾಲ್ಕು ವರ್ಷ ಹೋಯ್ತಲ್ಲ ಮೇಡಂ ಎಂದ. ಅಷ್ಟೇ.

ಇನ್ನೊಂದು ವಿಷಯ. ಹೊಸ ಪೇಪರಿನ ಕರಡನ್ನು ಸಾರ್ ಕಳಿಸಿದ್ದಾರೆ. ನನ್ನ ಹೆಸರು ಎರಡನೆಯದು. ನಮ್ಮ ಲ್ಯಾಬಿನಲ್ಲಿ ಆಕಸ್ಮಿಕವಾಗಿ ಕಂಡ ಒಂದು ಸುಂದರ ವಿದ್ಯಮಾನ ಎಂದು ಶುರುವಾಗುತ್ತದೆ. ಹಳೆಯ ಪೇಪರ್ ತಪ್ಪು ಎಂಬ ಮಾತು ಎಲ್ಲೂ ಇಲ್ಲ. ನಿನ್ನ ಹೆಸರಿಲ್ಲದೆ ನಾನು ಸಹಿ ಹಾಕುವುದಿಲ್ಲ ಎಂದೆ. ಅವರು ಒಂದು ಕ್ಷಣವೂ ಯೋಚಿಸದೆ, ಸೇರಿಸು, ಅದಕ್ಕೇನಂತೆ, ಆಥರ್‌ಗಳಲ್ಲೇ ಸೇರಿಸು, ಆ ಹುಡುಗಿಯ ಸೊನ್ನೆಗಳು ನಮಗೆ ಕಂಟ್ರೋಲ್ ಆಗಿ, ಪಲ್ಲಾಡಿಯಂ ಇಲ್ಲದಿದ್ದರೆ ಆಗುವುದಿಲ್ಲ ಎಂದು ತೋರಿಸಲು, ಉಪಯೋಗಕ್ಕೆ ಬರುತ್ತವೆ ಎಂದರು.

ಅದು ದೊಡ್ಡ ಜರ್ನಲ್. ನಿನ್ನ ಹೆಸರು ಅಲ್ಲಿ ಬಂದರೆ ನೀನು ಪಿಎಚ್‌ಡಿಗೆ ಮತ್ತೆ ಸೇರಬಹುದು, ಯಾರೂ ಬೇಡ ಎನ್ನುವುದಿಲ್ಲ. ನೀನು ಹ್ಞೂಂ ಎಂದರೆ ನಾನೂ ಸಹಿ ಮಾಡುತ್ತೇನೆ. ಏನು ಹೇಳುತ್ತೀಯ?

ಸಂಹಿತಾ


ಹುಳಿಮಾವು
5 ಜನವರಿ 2025

ಸಂಹಿತಾ,

ಉತ್ತರ ಬರೆಯುವ ಮೊದಲು ಅವರನ್ನು ಒಂದು ಸಲ ನೋಡಬೇಕೆನಿಸಿತು. ಜಯನಗರದ ಒಂದು ಸಭಾಂಗಣದಲ್ಲಿ ಹೋದ ಭಾನುವಾರ ಅವರ ಉಪನ್ಯಾಸವಿತ್ತು, ದಿನಪತ್ರಿಕೆಯಲ್ಲಿ ಪ್ರಕಟಣೆ ನೋಡಿದ್ದೆ. 'ಪ್ರಕೃತಿಗೆ ನೋವಾಗದ ರಸಾಯನಶಾಸ್ತ್ರ.' ಶಶಿಕಾಂತ್ ಬರುತ್ತೇನೆಂದರು, ಬೇಡವೆಂದು ಒಬ್ಬಳೇ ಹೋದೆ.

ರಿಟೈರ್ ಆದವರೇ ತುಂಬಿದ್ದರು. ವೇದಿಕೆಯ ಮೇಲೆ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿ. ಹೂಗುಚ್ಛಕ್ಕೆ ಹೊಳೆಯುವ ಪ್ಲಾಸ್ಟಿಕ್ ಸುತ್ತಿದ್ದರು. ಅದರ ಚರಪರ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ಅವರು ಚೆನ್ನಾಗಿ ಮಾತಾಡಿದರು. ಮೊದಲಿನಿಂದಲೂ ಚೆನ್ನಾಗಿಯೇ ಮಾತಾಡುತ್ತಾರೆ. ಕಬ್ಬಿಣದ ಚಿತ್ರ ತೋರಿಸಿದರು. ತುಕ್ಕು ಹಿಡಿದ ಒಂದು ಮೊಳೆ, ಅದರ ಪಕ್ಕ ಒಂದು ಹಸಿರೆಲೆ. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಎಂಥ ಮನುಷ್ಯ ನೋಡಿ ಎಂದರು. ವೇದಿಕೆಯಲ್ಲಿ ಕಬ್ಬಿಣದ ಮಾತು ಹೇಳುತ್ತಿರುವ ಹೊತ್ತಿಗೆ ಅದು ಸುಳ್ಳೆಂದು ಸೇತುರಾಮರಿಗೆ ಐದು ತಿಂಗಳಿಂದ ಗೊತ್ತು. ಎಲೆಯ ಚಿತ್ರ ಮಾತ್ರ ತೆಗೆದಿಲ್ಲ.

ಮುಗಿದ ಮೇಲೆ ಅವರ ಹತ್ತಿರ ಹೋದೆ. ಇಷ್ಟು ವರ್ಷ ಸ್ನಾನ ಮಾಡುವಾಗ, ಚಪಾತಿ ಲಟ್ಟಿಸುವಾಗ ಮನಸ್ಸಿನಲ್ಲೇ ಹೇಳಿ ಹೇಳಿ ಸವೆಸಿದ ಮಾತುಗಳಿದ್ದವು. ನಮಸ್ಕಾರ ಸಾರ್, ನಾನು ಲಿಖಿತಾ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ನಿಜವಾದ ನಗು, ಸಂಹಿತಾ, ಪ್ರೀತಿಯ ನಗು. 'ಲಿಖಿತಾ, ಏನಮ್ಮ, ಎಲ್ಲಿದೀಯಾ? ನೀನು ಮದುವೆ ಆಯ್ತು ಅಂತ ಬಿಟ್ಟೆ ಅಲ್ವಾ? ಒಳ್ಳೇ ಹುಡುಗಿ ಹೋದ್ಲಲ್ಲ ಅಂತ ನಮಗೆಲ್ಲ ಬೇಜಾರಾಗಿತ್ತು.'

ನಾನು ಹೇಳಿದೆ, 'ಇಲ್ಲ ಸಾರ್. ನನ್ನ ಕೈಗೆ ಇದು ಹತ್ತಲ್ಲ, ಅಂಗಡೀಲಿ ಕೂತ್ಕೋ ಅಂದ್ರಿ. ಅದಕ್ಕೆ ಬಿಟ್ಟೆ.'

'ಛೇ, ನಾನ್ಯಾಕೆ ಹಾಗಂತೀನಿ?' ಎಂದರು.

ನಟನೆ ಮಾಡುತ್ತಿರಲಿಲ್ಲ. ಅವರಿಗೆ ನೆನಪೇ ಇಲ್ಲ. ನಾನು ಎಂಟು ವರ್ಷ ಹೊತ್ತುಕೊಂಡು ತಿರುಗಿದ ಮಾತು ಅದು, ಅವರಿಗೆ ಕೆಮ್ಮಿದಷ್ಟು ಸಲೀಸು. ನನ್ನ ಬೆನ್ನು ತಟ್ಟಿ, ಪೇಪರಿನಲ್ಲಿ ನಿನ್ನ ಹೆಸರು ಬರುತ್ತೆ, ಸಂಹಿತಾ ಹೇಳಿರಬೇಕಲ್ಲ ಎಂದರು. ಅವರ ಕೈ ತಾಗಿದ ಜಾಗದಲ್ಲಿ ಬ್ಲೌಸು ಒದ್ದೆಯಾದ ಹಾಗನಿಸಿತು. ಅಷ್ಟರಲ್ಲಿ ಯಾರೋ ಸೆಲ್ಫಿಗೆ ಕರೆದರು, ಹೋದರು. ನಾಲ್ಕನೇ ಬ್ಲಾಕಿನ ಬಸ್‌ಸ್ಟಾಪಿನವರೆಗೆ ನಡೆದು ಬಂದು, ಕಬ್ಬಿನ ಹಾಲಿನ ಗಾಡಿಯ ಪಕ್ಕ ವಾಂತಿ ಮಾಡಿಕೊಂಡೆ. ಗಾಡಿಯವನು ನೀರು ಕೊಟ್ಟ.

ಈಗ ನಿನ್ನ ಪ್ರಶ್ನೆ. ನನ್ನ ಹೆಸರು ಬೇಡ. ಅವರ ಹೆಸರಿನ ಸಾಲಿನಲ್ಲಿ ನನ್ನ ಹೆಸರು ಕೂರುವುದನ್ನು ಯೋಚಿಸಿದರೇ ಆ ಬೀಕರಿನಲ್ಲಿ ಕೈ ಅದ್ದಿದ ಹಾಗಾಗುತ್ತದೆ. ನಾನು ಹ್ಞೂಂ ಎಂದರೆ ನೀನು ಸಹಿ ಮಾಡುತ್ತೀಯಂತೆ. ನಿನ್ನ ಸಹಿಗೆ ನನ್ನ ಹ್ಞೂಂ ಯಾಕೆ ಬೇಕು? ನಿನ್ನ ಮನಸ್ಸು ಹಗುರಾಗುವುದಕ್ಕೆ ನನ್ನನ್ನು ಬಳಸಬೇಡ. ಆವತ್ತು ನನ್ನ ಸೊನ್ನೆಯಿಂದ ಯಾರಿಗೂ ಉಪಯೋಗವಿರಲಿಲ್ಲ. ಈಗ ನಿಮ್ಮಿಬ್ಬರಿಗೂ ಬೇಕಾಗಿದೆ.

ಹಳೆಯ ಪೇಪರಿನಲ್ಲಿ ಮೊದಲ ಹೆಸರು ನಿನ್ನದು. ಅದನ್ನು ಏನು ಮಾಡಬೇಕೋ ನೀನು ಮಾಡು. ಮಾಡಿದ ಮೇಲೆ ಬರಿ. ಮಾಡದಿದ್ದರೆ ಬರೆಯಬೇಡ.

ಲಿಖಿತಾ


ಜೆ.ಪಿ. ನಗರ
30 ಮಾರ್ಚ್ 2025

ಲಿಖಿತಾ,

ಮಾಡಿದೆ.

ನಿನ್ನ ಕಾಗದ ಬಂದ ವಾರವೇ ಹಳೆಯ ಪೇಪರನ್ನು ವಾಪಸ್ ಪಡೆಯಬೇಕೆಂದು ಜರ್ನಲ್ಲಿಗೆ ಬರೆದೆ. ಹೊಸ ಬೀಡ್, ಹಳೆಯ ಬೀಡ್, ಆಮ್ಲದಲ್ಲಿ ಸಿಕ್ಕ ಪಲ್ಲಾಡಿಯಂ, ಎಲ್ಲವನ್ನೂ ಕಳಿಸಿದೆ. ಪ್ರಸನ್ನ ತನ್ನ ಫಲಿತಾಂಶಗಳನ್ನೂ ಸೇರಿಸಿ ಎಂದ. ಬೇಡ, ನಿನಗೆ ತೊಂದರೆಯಾಗುತ್ತದೆ ಎಂದೆ. ತೊಂದರೆ ಆಗಲೇ ಆಗಿದೆಯಲ್ಲ ಎಂದು ಅವನೇ ಟೈಪ್ ಮಾಡಿ ತಂದುಕೊಟ್ಟ. ಸಾರ್ ವಾಪಸಾತಿಗೆ ಒಪ್ಪಲಿಲ್ಲ. ಆದರೂ ಜರ್ನಲ್ಲಿನವರು ಪೇಪರನ್ನು ವಾಪಸ್ ಪಡೆದರು, ಅವರ ನೋಟೀಸಿನಲ್ಲಿ 'ಒಬ್ಬ ಲೇಖಕರು ಒಪ್ಪಿಲ್ಲ' ಎಂದು ಬಂದಿದೆ. ಹೊಸ ಪೇಪರಿನಿಂದ ನನ್ನ ಹೆಸರು ತೆಗೆಸಿದೆ. ಅದು ಬೇರೆಯವರ ಹೆಸರುಗಳೊಂದಿಗೆ ಫೆಬ್ರವರಿಯಲ್ಲೇ ಪ್ರಕಟವಾಯಿತು. ಇಂಗ್ಲಿಷ್ ಪತ್ರಿಕೆಯಲ್ಲಿ ಸಾರ್ ಫೋಟೋ ಬಂದಿತ್ತು, ಕೈಯಲ್ಲಿ ಒಂದು ಬೀಡ್ ಹಿಡಿದುಕೊಂಡು ನಗುತ್ತಿದ್ದಾರೆ. ನಮ್ಮ ಅಮ್ಮ ಅದನ್ನು ಕತ್ತರಿಸಿ ಇಟ್ಟಿದ್ದಳು, ನನಗೆ ಖುಷಿಯಾಗುತ್ತದೆಂದು. ನಾನು ಅವಳ ಮೇಲೆ ರೇಗಿದೆ, ಪಾಪ.

ಕಮಿಟಿ ಮಾರ್ಚಿನಲ್ಲಿ ಕೂತಿತು. ಸಾರ್ ಒಳ್ಳೆಯವರ ಹಾಗೆ ಆವತ್ತು ಬರಲಿಲ್ಲ, ತನಗೆ ಸಂಬಂಧವಿರುವ ವಿಷಯವಾದ್ದರಿಂದ ದೂರ ಉಳಿಯುತ್ತೇನೆ ಎಂದು ಬರೆದು ಕಳಿಸಿದ್ದರು. ಉಳಿದವರು ಅದನ್ನೇ ಎತ್ತಿ ಹೊಗಳಿದರು. ನನ್ನ ಪೇಪರ್ ವಾಪಸಾಗಿದೆಯಾದ್ದರಿಂದ ಕಾಯಂ ಮಾಡಲಾಗುವುದಿಲ್ಲ ಎಂದರು. ತಪ್ಪನ್ನು ಹುಡುಕಿ ಹೇಳಿದವಳು ನಾನೇ ಎಂದೆ. ಅದು ಶ್ಲಾಘನೀಯ ಎಂದು ಒಬ್ಬರು ನಡವಳಿಯಲ್ಲಿ ಬರೆದುಕೊಂಡರು. ಮೇ ತಿಂಗಳಿಗೆ ನನ್ನ ಕೆಲಸ ಮುಗಿಯುತ್ತದೆ. ಪ್ರಸನ್ನ ಗೈಡ್ ಬದಲಿಸಿಕೊಂಡಿದ್ದಾನೆ. ಎರಡು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ಸೇರಿಸಿಕೊಂಡಿದ್ದಾರೆ.

ನೋಟೀಸಿನ ಕೊನೆಗೆ ನಾನು ಒಂದು ವಾಕ್ಯ ಬರೆದಿದ್ದೆ. 'ಕಬ್ಬಿಣದಿಂದ ಈ ರಿಯಾಕ್ಷನ್ ಆಗುವುದಿಲ್ಲವೆಂದು 2016ರಲ್ಲೇ ಮೊದಲು ಕಂಡು ಹೇಳಿದವರು ಕೆ. ಲಿಖಿತಾ. ಅವರನ್ನು ಯಾರೂ ನಂಬಲಿಲ್ಲ.' ನಿನ್ನ ಅನುಮತಿ ಕೇಳಲಿಲ್ಲ. ಸಾರ್ ಹೆಸರಿನ ಜೊತೆಗೆ ಬೇಡವೆಂದು ನೀನು ಅಂದಿದ್ದೆ, ಇದು ಅವರು ಒಪ್ಪದ ನೋಟೀಸು, ಆದ್ದರಿಂದ ಆಗಬಹುದು ಎಂದುಕೊಂಡೆ. ಸಂಪಾದಕರು ಮೊದಲ ವಾಕ್ಯ ಉಳಿಸಿದರು. ಎರಡನೆಯದು ವೈಜ್ಞಾನಿಕ ಮಾಹಿತಿಯಲ್ಲ ಎಂದು ತೆಗೆದರು. ನಾನು ಜಗಳವಾಡಿದೆ, ಆಗಲಿಲ್ಲ. ನೋಟೀಸಿನ ಪ್ರತಿ ಇದರೊಂದಿಗೆ ಇಟ್ಟಿದ್ದೇನೆ.

ಸಂಹಿತಾ


ಹುಳಿಮಾವು
20 ಏಪ್ರಿಲ್ 2025

ಸಂಹಿತಾ,

ನೋಟೀಸು ತಲುಪಿತು. ಅಂಗಡಿಗೆ ತೆಗೆದುಕೊಂಡು ಹೋಗಿ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರು. ಗಿರಾಕಿ ಬಂದರೆ ಆಮೇಲೆ ಬಾ ಅಂತ ಕಳಿಸಿದರು. ದಾವಣಗೆರೆಯಿಂದ ಬಂದು ಮೂವತ್ತು ವರ್ಷವಾಯಿತು, ನಮ್ಮಪ್ಪ ಕೊಟ್ರಪ್ಪ ಗಿರಾಕಿಯನ್ನು ವಾಪಸ್ ಕಳಿಸಿದ್ದನ್ನು ನಾನು ನೋಡಿರಲಿಲ್ಲ. ಮುಗಿದ ಮೇಲೆ, 'ಮತ್ತೆ ಆ ಮನುಷ್ಯಂಗೆ ಏನಾತು?' ಎಂದು ಕೇಳಿದರು. ಏನೂ ಆಗಲಿಲ್ಲ, ಪೇಪರಲ್ಲಿ ಫೋಟೋ ಬಂತು ಎಂದೆ. ಅಪ್ಪ ಎದ್ದು ಹೋಗಿ ರಸ್ತೆಯ ಮೋರಿಗೆ ಉಗುಳಿ ಬಂದರು. ನನಗೆ ಹೇಳಬೇಕಾದ್ದನ್ನೆಲ್ಲ ಅವರೇ ಹೇಳಿದ ಹಾಗಾಯಿತು.

ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಿ ಏನನಿಸಿತು ಎಂದು ನೀನು ಕೇಳಿಲ್ಲ, ಕೇಳದಿದ್ದದ್ದು ಒಳ್ಳೆಯದು. ಅನುಮತಿ ಕೇಳದೆ ಹಾಕಿದ್ದಕ್ಕೆ ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಇಳಿಯಿತು. 'ಯಾರೂ ನಂಬಲಿಲ್ಲ' ಎಂಬುದನ್ನು ಸಂಪಾದಕರು ತೆಗೆದದ್ದಕ್ಕೆ ನನಗೆ ಬೇಜಾರಿಲ್ಲ. ಅದು ಪೂರ್ತಿ ನಿಜವಲ್ಲ. ಯಾರೂ ಅಂದರೆ ಎಲ್ಲರೂ ಅದರಲ್ಲಿ ಕರಗಿಹೋಗುತ್ತಾರೆ. ನೀನು ನಂಬಲಿಲ್ಲ. ಹಾಗೆ ಬರೆದಿದ್ದರೆ ಸರಿಯಿರುತ್ತಿತ್ತು.

ನಾವು ಮೊದಲಿನ ಹಾಗೆ ಆಗುವುದಿಲ್ಲ, ಸಂಹಿತಾ. ಸೇತುರಾಮರನ್ನು ನೆನೆದರೆ ಈಗಲೂ ಮೈಯೆಲ್ಲ ತೊಳೆದುಕೊಳ್ಳಬೇಕೆನಿಸುತ್ತದೆ. ನಿನ್ನನ್ನು ನೆನೆದರೂ ಹಾಗೆಯೇ ಆಗುತ್ತಿತ್ತು. ಈಚೆಗೆ ಅಷ್ಟಿಲ್ಲ. ಇದಕ್ಕಿಂತ ಹೆಚ್ಚು ಈಗ ಹೇಳಲಾರೆ.

ನಮ್ಮ ಕಾಲೇಜಿನಲ್ಲಿ ಜೂನಿನಿಂದ ಕೆಮಿಸ್ಟ್ರಿಗೆ ಇನ್ನೊಬ್ಬರು ಬೇಕು. ಲ್ಯಾಬಿನಲ್ಲಿ ಸಿಂಕು ಕಟ್ಟಿಕೊಂಡಿದೆ, ಬೇಸಿಗೆಯಲ್ಲಿ ನೀರಿರುವುದಿಲ್ಲ. ಒಂದು ಬೆಂಚಿಗೆ ಎಂಟು ಹುಡುಗರು. ಸಂಶೋಧನೆಯೆಂಬುದು ಹತ್ತಿರವೂ ಸುಳಿಯುವುದಿಲ್ಲ. ಸಂಬಳ ನೋಡಿದರೆ ನಿಮ್ಮ ಅಮ್ಮನಿಗೆ ಬೇಜಾರಾದೀತು. ಪ್ರಿನ್ಸಿಪಾಲರು ಸಿದ್ದಾರೂಢ ಅಂತ, ಹುಬ್ಬಳ್ಳಿ ಕಡೆಯವರು, ನೇರ ಮನುಷ್ಯ. ಯಾರಾದರೂ ಗೊತ್ತಿದ್ದಾರಾ ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಹೆಂಗದಾರ ಅವರು ಎಂದರು.

'ಕೆಮಿಸ್ಟ್ರಿ ಚೆನ್ನಾಗಿ ಬರುತ್ತೆ ಸಾರ್' ಎಂದೆ. 'ಮಾತಾಡ್ಬೇಕಾದಾಗ ತಡ ಮಾಡ್ತಾಳೆ. ಆದ್ರೆ ಮಾತಾಡ್ತಾಳೆ.'

28ನೇ ತಾರೀಖು ಸೋಮವಾರ ಹತ್ತು ಗಂಟೆಗೆ ನಿನ್ನನ್ನು ಬರಹೇಳಿದ್ದಾರೆ.

ಲಿಖಿತಾ